ಸಂಕಟಕ್ಕೆ ಹಿಂದಿಯಲ್ಲಿ ಏನನ್ನುತ್ತಾರೆ

ನೆರೆಮನೆಯ ಮೌಶಿ ಮಗಳ ಚಿಂತೆಯಲ್ಲೇ ಹೋದರು ಎಂದು ನಮ್ಮ ಚಾಳು ತೀರ್ಮಾನಿಸಿಬಿಟ್ಟಿದೆ. ಹೆಣ ಇನ್ನೂ ಗ್ಯಾಲರಿಯಲ್ಲಿರುವಾಗಲೇ ಆದ ತೀರ್ಮಾನ ಅದು. ಮಗಳ ಮದುವೆ ನಿಶ್ಚಯ ಮುರಿದ ತಿಂಗಳಲ್ಲೇ ತಾಯಿ ಎದೆ ಹಿಡಿದುಕೊಂಡು ಸತ್ತರೆ ಜನಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ದೊಡ್ಡಾಸ್ಪತ್ರೆಯವರು ಹಾರ್ಟ್ ಎಂದು ಬರೆದುಕೊಟ್ಟರು. ಚಾಳಿನವರು ಅದನ್ನು ಮಗಳು ಎಂದು ಓದಿಕೊಂಡರು. ಮಗಳೂ ಹಾಗೆಯೇ ಓದಿಕೊಂಡಳಲ್ಲ, ನನಗೆ ಸಹಿಸಲಾಗದ್ದು ಅದು.

"ದೀದಿ, ಅವ್ವ ನನ್ನಿಂದ ಛುಪಾಯಾ," ಎಂದಳು ಅವಳು, ನನ್ನ ಭುಜಕ್ಕೆ ಹಣೆಯೊತ್ತಿ. "ಮೈ ಟೆನ್ಶನ್ ಮೇಂ ಥೀ ನಾ, ಅದಕ್ಕೇ ಹೇಳಲಿಲ್ಲ. ಡಾಕ್ಟರ್ ಕಡೆ ಹೋಗಿದ್ಳು. ಅಲ್ಲಿ ಭೀ ನಂದೇ ಬಾತ್ ಮಾಡಿ ಬಂದ್ಳು. ತನ್ನದೇನೂ ಹೇಳಲಿಲ್ಲ."

ನಾನು ಒಪ್ಪಲಿಲ್ಲ. ಯಾವ ಮಾತನ್ನೂ ಮೊದಲ ಸಲಕ್ಕೆ ಒಪ್ಪದಿರುವುದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಅಂಟಿಕೊಂಡ ರೋಗ. ಮೌಶಿ ಅದಕ್ಕೇ ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಿದ್ದದ್ದು. ಆದರೆ ಇಲ್ಲಿ ನನ್ನದು ಹಟವಲ್ಲ. ನೋವನ್ನು ಮುಚ್ಚಿಡುವುದು ಆ ಹೆಂಗಸಿಗೆ ಬರುತ್ತಲೇ ಇರಲಿಲ್ಲ, ಇಡೀ ಚಾಳೇ ಅದಕ್ಕೆ ಸಾಕ್ಷಿ. ಸಾಕ್ಷಿಗಳೇ ಕಂಡದ್ದನ್ನು ಮರೆತು ಕುಳಿತರೆ ಏನು ಮಾಡುವುದು?

ಕಾಲು ಉಳುಕಿದರೆ ಅವರು ಮೊದಲು ಹೊಸ್ತಿಲಿಗೆ ಬಂದು ನಿಂತು ಸಾರುತ್ತಿದ್ದರು. ಹಲ್ಲು ನೋವು ಬಂದಾಗ ಗಲ್ಲದ ಮೇಲೆ ಕೈಯಿಟ್ಟುಕೊಂಡು ಒಂದೊಂದೇ ಬಾಗಿಲಿಗೆ ಹೋಗಿ, "ಯವ್ವಾ, ನೋಡ್ರಿ ಇಲ್ಲಿ, ಹ್ಯಾಂಗ ಬಾತದ!" ಎಂದು ಬಾಯಿ ತೆರೆದು ತೋರಿಸಿದ್ದರು. ನಮ್ಮಮ್ಮ ಉಡುಪಿ ಕಡೆಯವರು, ಜ್ವರ ಬಂದರೆ ಬಾಗಿಲು ಹಾಕಿಕೊಳ್ಳುವ ಪೈಕಿ. "ನಿಮಗೆ ಎಂತ ನಾಚಿಕೆಯೂ ಇಲ್ವಾ ಮಾರಾಯ್ರೆ?" ಎಂದು ಒಮ್ಮೆ ಕೇಳಿಯೇಬಿಟ್ಟರು.

"ನಾಚಿಕಿ ಯಾಕವಾ?" ಎಂದರು ಮೌಶಿ. "ಬ್ಯಾನಿ ನಾ ಏನ್ ಕದ್ದ ತಂದೀನೇನು?"

ವಿಜಯಪುರದ ಕಡೆಯವರು. ಗಂಡ ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ಲಾರಿಗೆ ಮಾಲು ಹೇರುತ್ತಿದ್ದ. ಕಾರ್ಖಾನೆ ಮುಚ್ಚಿತು, ಸ್ವಲ್ಪ ಕಾಲಕ್ಕೆ ಅವನೂ ತೀರಿಹೋದ. ಕಾರ್ಖಾನೆಯ ಜಾಗದಲ್ಲಿ ಟವರ್ ಏಳತೊಡಗಿದಾಗ ಅದನ್ನು ಕಟ್ಟಲು ಬಂದವರಲ್ಲಿ ಅರ್ಧ ಜನ ಮೌಶಿಯ ಊರಿನ ಆಚೀಚೆಯವರು. ಅವರಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮೌಶಿ ಮಗಳನ್ನು ಬೆಳೆಸಿದರು. ಗಂಡನ ಕೆಲಸ ನುಂಗಿದ ಜಾಗವೇ ಅವರಿಗೆ ಗಿರಾಕಿಗಳನ್ನು ಕೊಟ್ಟಿತು. ನಾನು ಇದನ್ನು ವ್ಯಂಗ್ಯ ಎಂದೆ. "ಅದಕ್ಕ ವ್ಯಂಗ್ಯ ಅಂತಾರೇನು? ನಾ ನಸೀಬ ಅಂದಕೊಂಡಿದ್ದೆ," ಎಂದರು.

ಅವರ ಭಾಷೆಯ ಬಗ್ಗೆ ಹೇಳಬೇಕು, ಏಕೆಂದರೆ ಎಲ್ಲ ಬಂದು ನಿಂತದ್ದು ಅಲ್ಲೇ. ಚೌಕಾಶಿಗೆ ಮರಾಠಿ, ಬೈಗುಳಕ್ಕೆ ಹಿಂದಿ, ಮೈಯೊಳಗಿನದೆಲ್ಲ ಕನ್ನಡದಲ್ಲಿ. ಕನ್ನಡ ಶಬ್ದದ ಬಾಲ ಕತ್ತರಿಸಿದರೆ ಅದು ಹಿಂದಿಯಾಗುತ್ತದೆ ಎಂಬುದು ಅವರ ವ್ಯಾಕರಣ. ನಗಬೇಡಿ, ಬಹಳ ಸಲ ಅದು ನಡೆದೂ ಹೋಗುತ್ತಿತ್ತು. ಉಪವಾಸ ಉಪವಾಸ್ ಆಗುತ್ತಿತ್ತು, ಸಾಮಾನು ಸಾಮಾನ್ ಆಗುತ್ತಿತ್ತು, ಔಷಧಕ್ಕೆ ಔಷಧ್ ಎಂದರೆ ಅಂಗಡಿಯವನು ತೆಗೆದುಕೊಡುತ್ತಿದ್ದ. ಇಷ್ಟು ವರ್ಷ ಕೈ ಕೊಡದ ವ್ಯಾಕರಣವನ್ನು ಯಾರಾದರೂ ಯಾಕೆ ಅನುಮಾನಿಸುತ್ತಾರೆ?

ನಮ್ಮಿಬ್ಬರ ಜಗಳವೆಲ್ಲ ವೈದ್ಯರ ಬಗ್ಗೆ. ಭಾನುವಾರ ಅವರ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ತಿನ್ನುತ್ತ ನಾನು ಮುನಿಸಿಪಾಲಿಟಿ ದವಾಖಾನೆಯ ಪರ ವಾದಿಸುತ್ತಿದ್ದೆ. ಅವರು ಸ್ಟೇಷನ್ ರಸ್ತೆಯ ಗಲ್ಲಿಯಲ್ಲಿದ್ದ ಖಾಸಗಿ ಡಾಕ್ಟರರ ಪರ. ಒಂದೇ ಶಟರ್‌ನ ಕ್ಲಿನಿಕ್, ಹೊರಗೆ ಒಂದು ಬೆಂಚು, ಒಳಗೆ ಪರದೆಯ ಹಿಂದೆ ಮರಾಠಿ ಮಾತಿನ ಆ ನರೆತ ಮನುಷ್ಯ.

ಎರಡು ಕಡೆಗೂ ಅವರು ಹೋಗುತ್ತಿದ್ದರು. ಬಿಪಿ ಗುಳಿಗೆಗೆ ದವಾಖಾನೆ, ಉಳಿದದ್ದಕ್ಕೆ ಕ್ಲಿನಿಕ್. ದವಾಖಾನೆಗೆ ಹೋಗುವಾಗ ಬಣ್ಣ ಮಾಸಿದ ಸೀರೆ, ಕ್ಲಿನಿಕ್ಕಿಗೆ ಇಳಕಲ್ ಸೀರೆ. ಅವರು ಎಲ್ಲಿಗೆ ಹೊರಟರೆಂದು ಗ್ಯಾಲರಿಯಲ್ಲಿ ನಿಂತ ಯಾರಿಗಾದರೂ ಸೆರಗು ನೋಡಿಯೇ ಗೊತ್ತಾಗುತ್ತಿತ್ತು. "ಇದೇನು ವೇಷ?" ಎಂದು ಕೇಳಿದೆ.

"ಅಲ್ಲಿ ಛಂದ ಉಟಕೊಂಡ ಹೋದ್ರ, 'ಬಾಯಿ, ನಿಮಗ ಪ್ರೈವೇಟಿನ ರೊಕ್ಕ ಪರವಡಸ್ತದಲ್ಲ, ಇಲ್ಲ್ಯಾಕ ಬರ್ತೀರಿ' ಅಂತಾರ. ಇಲ್ಲಿ ಹಳೀದು ಉಟಕೊಂಡ ಹೋದ್ರ ಕಂಪೌಂಡರ್ ಬೆಂಚಿನ ತುದೀಗಿ ಕೂಡಸ್ತಾನ. ರೋಗ ಒಂದ, ಸೀರಿ ಎರಡು."

ನಾನು ಸರಿಯಾಗಿಯೇ ವಾದಿಸುತ್ತಿದ್ದೆ, ಈಗಲೂ ಹಾಗೆಯೇ ಅನ್ನಿಸುತ್ತದೆ. ಆ ಡಾಕ್ಟರರ ಬೋರ್ಡಿನ ಮೇಲಿರುವ ಪದವಿ ಒಂದು ಪದ್ಧತಿಯದು, ಕೊಡುವ ಔಷಧ ಇನ್ನೊಂದು ಪದ್ಧತಿಯದು. ಕೆಮ್ಮಿಗೂ ಇಂಜೆಕ್ಷನ್, ಸೊಂಟನೋವಿಗೂ ಇಂಜೆಕ್ಷನ್. ಪುಡಿಕೆಯಲ್ಲಿ ಕಟ್ಟಿಕೊಡುವ ಬಣ್ಣದ ಗುಳಿಗೆಗಳಿಗೆ ಹೆಸರಿಲ್ಲ. "ಅದರಲ್ಲಿ ಎಂತ ಉಂಟು ಅಂತ ನಿಮಗೆ ಗೊತ್ತುಂಟಾ ಮೌಶಿ?" ಎಂದು ನಾನು ಒತ್ತಿ ಕೇಳಿದರೆ, "ನಿನ್ನ ಹೊಟೇಲ್ ಅಪ್ಪಾ ಸಾಂಬಾರದಾಗ ಏನ್ ಹಾಕ್ತಾನ ಅಂತ ಕೇಳಿ ಉಣ್ತಾರೇನು ಮಂದಿ?" ಎನ್ನುತ್ತಿದ್ದರು. ನನ್ನಪ್ಪ ದಾದರ್‌ನ ಹೊಟೇಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಸಾಂಬಾರಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಚರ್ಚೆಯಲ್ಲಿ ನಗೆ ಎದ್ದ ಕಡೆಗೆ ಗೆಲುವು ಹೋಗುತ್ತದೆ.

ಹಾಗೆಂದು ಬಿಡುವವಳೇ ನಾನು? ಒಂದು ಸಲ ನನ್ನ ಬಲವಾದ ಅಸ್ತ್ರವನ್ನೇ ತೆಗೆದೆ. ಮಗಳು ಸಣ್ಣವಳಿದ್ದಾಗ ಕೆಮ್ಮುತ್ತಿದ್ದಳು. ಇದೇ ಡಾಕ್ಟರು ತಿಂಗಳುಗಟ್ಟಲೆ ಸಿರಪ್ ಕುಡಿಸಿದರು. ಕಡೆಗೆ ಅದು ಟಿಬಿ ಎಂದು ಕಂಡುಹಿಡಿದು ಔಷಧ ಕೊಟ್ಟು ಗುಣ ಮಾಡಿದ್ದು ಮುನಿಸಿಪಾಲಿಟಿ ದವಾಖಾನೆ, ಅದೂ ಬಿಟ್ಟಿಯಾಗಿ. "ಮಗಳನ್ನು ಉಳಿಸಿದ್ದು ಯಾರು ಮೌಶಿ? ಅದನ್ನು ಹೇಳಿ," ಎಂದೆ.

ರೊಟ್ಟಿ ತಟ್ಟುವ ಕೈ ನಿಂತಿತು. "ಉಳಿಸಿದ್ರು. ಖರೆ. ಅವರಿಗಿ ಪುಣ್ಯಾ ಬರಲಿ. ಆದ್ರ ಇಡೀ ವರ್ಷಾ ಹೋಗಿ ಬಂದ್ರೂ ಒಂದ ಸಲಾನೂ ಅವರು ನನ್ನ ಕೂಸಿನ ಹೆಸರ ಕೇಳಲಿಲ್ಲ, ತಂಗಿ."

"ಕೇಸ್ ಪೇಪರಿನ ಮೇಲೆ ಹೆಸರು ಇತ್ತಲ್ಲ?"

"ಅದು ಪೇಪರಿಗಿ ಕೇಳಿದ್ದು."

ಆಮೇಲೆ ಮತ್ತೊಂದು ಉಂಡೆ ಎತ್ತಿಕೊಂಡು, "ಸರಕಾರಿ ಔಷಧ ಛಲೋ, ಮಾತ ಕೆಟ್ಟ. ನಮ್ಮ ಡಾಕ್ಟರದು ಮಾತ ಛಲೋ, ಔಷಧ ದೇವರ ಬಲ್ಲ. ಎರಡೂ ಒಂದ ಕಡೆ ಸಿಗೂದಿಲ್ಲಾ ನಮ್ಮಂಥಾವರಿಗಿ. ಅದಕ್ಕ ಎರಡೂ ಕಡೆ ಅಡ್ಡಾಡ್ತೀನಿ. ಇದರಾಗ ವಾದಾ ಏನದ?" ಎಂದರು. ನಂತರ ಕಣ್ಣು ಕಿರಿದು ಮಾಡಿ, "ನಿನಗ ಜ್ವರಾ ಬಂದ್ರ ಎಲ್ಲಿಗಿ ಹೋಗ್ತಿ ವಕೀಲಬಾಯಿ?" ಎಂದು ಕೇಳಿದರು. ವಿಕ್ರೋಳಿಯ ನನ್ನ ಆಫೀಸು ವಿಮೆ ಕೊಟ್ಟಿದೆ. ಎಸಿ ಇರುವ ಕಡೆಗೆ ಹೋಗುತ್ತೇನೆ. ನಾನು ಮಾತು ಬದಲಿಸಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆದರು, ಸೋತವರಿಗೆ ಕೊಡುವ ಸಮಾಧಾನದ ಬಹುಮಾನದ ಹಾಗೆ.

ಇಂಥ ಹೆಂಗಸು ಎದೆನೋವನ್ನು ಮುಚ್ಚಿಟ್ಟರಂತೆ!

ಮೊದಲ ಪುರಾವೆ ಸಿಕ್ಕಿದ್ದು ಮಣ್ಣು ಮಾಡಿ ಬಂದ ಮರುದಿನ. ಟವರ್ ಕೆಲಸದ ಒಬ್ಬ ಗಿರಾಕಿ ಸಾವಿನ ಸುದ್ದಿ ಗೊತ್ತಿಲ್ಲದೆ ರೊಟ್ಟಿಗೆ ಬಂದ. ಬುತ್ತಿಯ ಡಬ್ಬಿ ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದವನಿಗೆ ನಾನೇ ವಿಷಯ ಹೇಳಿದೆ. ಅವನು ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದ.

"ಆ ದವಾಖಾನಿ ಮಾತ ಹೇಳಿ ನಮ್ಮನ್ನ ಹೊಟ್ಟಿ ಹುಣ್ಣಾಗುವಂಗ ನಗಿಸಿದ್ರಲ್ರೀ ಅಕ್ಕಾರ," ಎಂದ.

"ಯಾವ ಮಾತು?"

ಅವನು ಹೇಳಿದ. ಸಾಯುವ ಕೆಲವು ದಿನ ಮುಂಚೆ ಮೌಶಿ ದವಾಖಾನೆಗೆ ಹೋಗಿದ್ದರು. ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಬಂದಿತ್ತಂತೆ. ಇವರ ಸರದಿ ಬಂದಾಗ ಡಾಕ್ಟರು ಬರೆಯುತ್ತಲೇ ಏನಾಗುತ್ತಿದೆ ಎಂದು ಕೇಳಿದರು. ಇವರು ಹೇಳಿದರು: "ಸಂಕಟ್ ಹೋತಾ ಹೈ."

ಡಾಕ್ಟರು ತಲೆಯೆತ್ತದೆ, "ಸಂಕಟ್ ಸಗಳ್ಯಾನಾಚ್ ಆಹೆ, ಮಾವಶಿ," ಎಂದರಂತೆ. ಸಂಕಟ ಎಲ್ಲರಿಗೂ ಇದೆ. "ತ್ರಾಸ್ ಕಾಯ್ ತೇ ಸಾಂಗಾ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಮರಾಠಿಯಲ್ಲಿ, ಹಿಂದಿಯಲ್ಲಿ ಸಂಕಟ್ ಎಂದರೆ ಆಪತ್ತು, ತಲೆಯ ಮೇಲೆ ಬಂದು ಬೀಳುವ ಕಷ್ಟ. ನಮ್ಮಲ್ಲೂ ಆ ಅರ್ಥವಿದೆ, ಸಂಕಟ ಬಂದಾಗಲೇ ವೆಂಕಟರಮಣ ನೆನಪಾಗುವುದು. ಆದರೆ ನಮ್ಮಲ್ಲಿ ಸಂಕಟ ಬರುವುದು ಬೇರೆ, ಸಂಕಟ ಆಗುವುದು ಬೇರೆ. ಸಂಕಟ ಆಗುತ್ತಿದೆ ಎಂದರೆ ಮೈಯೊಳಗೆ, ಎದೆಗೂ ಹೊಟ್ಟೆಗೂ ನಡುವೆ ಎಲ್ಲೋ ಏನೋ ಹಿಂಡುತ್ತಿದೆ, ಕೂತರೂ ಆಗದು, ಮಲಗಿದರೂ ಆಗದು ಎಂದು. ಇನ್ನು ತ್ರಾಸು. ಮರಾಠಿ ಡಾಕ್ಟರು ತ್ರಾಸ್ ಏನೆಂದು ಕೇಳಿದರೆ ಮೈಗೆ ಏನು ಬಾಧೆ ಎಂದರ್ಥ. ವಿಜಯಪುರದವರಿಗೆ ತ್ರಾಸು ಎಂದರೆ ಸಂಸಾರದ ತಾಪತ್ರಯ. ಎರಡು ಶಬ್ದಗಳೂ ಎರಡು ಭಾಷೆಯಲ್ಲೂ ಇವೆ, ಜಾಗ ಮಾತ್ರ ಅದಲುಬದಲು.

ಹಾಗಾಗಿ ಮೈಯ ಮಾತು ಹೇಳಿದಾಗ ಡಾಕ್ಟರು ಸಂಸಾರವೆಂದುಕೊಂಡರು. ಮೈಯ ಮಾತು ಕೇಳಿದಾಗ ಇವರು ಸಂಸಾರವೆಂದುಕೊಂಡರು. "ತ್ರಾಸ್ ಕ್ಯಾ ಬತಾವೂ ಸಾಹೇಬ್," ಎಂದು ಶುರುಮಾಡಿ ಮಗಳ ನಿಶ್ಚಯ ಮುರಿದ ಕತೆಯನ್ನು ಹೇಳತೊಡಗಿದರು. ಹಿಂದಿನ ಸಾಲು ಗೊಳ್ಳೆಂದು ನಕ್ಕಿತು. ಡಾಕ್ಟರು ಗ್ಯಾಸಿನ ಗುಳಿಗೆ ಬರೆದು ಮುಂದಿನವರನ್ನು ಕರೆದರು.

"ಮೌಶೀನೂ ನಕ್ಕೋತ ಹೇಳಿದ್ರರೀ," ಎಂದ ಗಿರಾಕಿ. "ಡಾಕ್ಟರಗ ನನ್ನ ಮಗಳ ಲಗ್ನದ ಮಾತ ಹೇಳಿ ಬಂದೀನಿ, ಇನ್ನ ವರಾ ಹುಡಕೂದು ಮುನಸಿಪಾಲ್ಟೀದ ಕೆಲಸ ಅಂತ. ಮತ್ತ ಸಂಕಟ ಹ್ಯಾಂಗದ ಅಂದ್ವಿ. ಗುಳಿಗಿ ಕೊಟ್ಟಾರ, ಆಗ್ತದ ಅಂದ್ರು."

ಅವನು ಖಾಲಿ ಡಬ್ಬಿ ಎತ್ತಿಕೊಂಡು ಹೋದ. ಈ ಕತೆಯಿಂದ ಮಗಳಿಗೆ ಸಮಾಧಾನವಾಗಬಹುದೆಂದು ನಾನು ಹೇಳಿದೆ. ಆಗಲಿಲ್ಲ. "ದೇಖಾ? ಅಲ್ಲಿ ಭೀ ನಂದೇ ಬಾತ್," ಎಂದಳು. ನನ್ನ ಪುರಾವೆ ಅವಳ ಕೈಯಲ್ಲಿ ಅವಳ ಪುರಾವೆಯಾಯಿತು. ಚರ್ಚೆಯಲ್ಲಿ ಹೀಗಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಇಷ್ಟು ಕೆಟ್ಟದಾಗಿ ಆದದ್ದನ್ನು ಕಂಡಿರಲಿಲ್ಲ.

ಉಳಿದದ್ದು ಖಾಸಗಿ ಡಾಕ್ಟರು. ಗುಳಿಗೆಯಿಂದ ಏನೂ ಆಗದೆ, ಸಾಯುವ ಹಿಂದಿನ ದಿನ, ಇಳಕಲ್ ಸೀರೆ ಉಟ್ಟು ಮೌಶಿ ಅಲ್ಲಿಗೆ ಹೋಗಿದ್ದರು. ಬಂದು ಮಗಳಿಗೆ ಹೇಳಿದ್ದು ಇಷ್ಟೇ: "ಡಾಕ್ಟರ್ ಭಾಳ ಹೊತ್ತ ಮಾತಾಡಿದ್ರು. ನಿಂದಽ ಕೇಳಿದ್ರು." ಮರುದಿನ ಮಧ್ಯಾಹ್ನ ಹಿಟ್ಟು ನಾದುತ್ತಿದ್ದವರು ಎದ್ದು ಗೋಡೆ ಹಿಡಿದರು. ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ, ರಿಕ್ಷಾದಲ್ಲೇ, ಮಗಳ ತೊಡೆಯ ಮೇಲೆ ಜೀವ ಹೋಯಿತು.

ಆ ಡಾಕ್ಟರರಲ್ಲಿಗೆ ಹೋಗಿ ಜಗಳವಾಡುವುದೆಂದು ನಾನು ನಿಶ್ಚಯಿಸಿದ್ದೆ. ಪ್ರಶ್ನೆಗಳನ್ನು ಮನಸ್ಸಿನಲ್ಲಿ ಮಸೆದೂ ಇಟ್ಟಿದ್ದೆ. ಆದರೆ ಅವರೇ ಬಂದರು. ಬೆಳಗಿನ ಹೊತ್ತು, ಕ್ಲಿನಿಕ್ಕಿನ ಶಟರ್ ಎಳೆದು, ನಮ್ಮ ಚಾಳಿನ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಂದು ಮೌಶಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮಗಳು ಎದ್ದು ನಿಲ್ಲಲಿಲ್ಲ. ನನ್ನತ್ತ ನೋಡಿ, "ನೀನೇ ಮಾತಾಡು ದೀದಿ," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅವರು, "ನಾನು ಬಿಪಿ ನೋಡಲಿಲ್ಲ," ಎಂದುಬಿಟ್ಟರು. ಹಿಂದಿಯಲ್ಲಿ, ನೆಲ ನೋಡುತ್ತ. ನನ್ನ ಮೊದಲ ಪ್ರಶ್ನೆಯೇ ಅದಾಗಿತ್ತು. ಉಳಿದವೂ ಅದರ ಹಿಂದೆಯೇ ಬಿದ್ದುಹೋದವು. ಒಪ್ಪಿಕೊಂಡವನ ಎದುರು ವಾದಿಸುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಅವರು ಹೇಳುತ್ತ ಹೋದರು. ಮೌಶಿ ಬಂದು ಸ್ಟೂಲಿನ ಮೇಲೆ ಕುಳಿತು ಸಂಕಟ್ ಎಂದರಂತೆ. ಮಗಳ ನಿಶ್ಚಯ ಮುರಿದ ಸುದ್ದಿ ಅವರಿಗೆ ಮೊದಲೇ ಗೊತ್ತು, ಮೌಶಿಯೇ ಹಿಂದೊಮ್ಮೆ ಹೇಳಿದ್ದರು. ತಾಯಿಯ ದುಃಖ ಎಂದುಕೊಂಡರು. ನೀರು ಕೊಟ್ಟರು, ಕೈ ಹಿಡಿದುಕೊಂಡರು, ಹೊರಗೆ ಬೆಂಚು ತುಂಬಿದ್ದರೂ ತುಂಬಾ ಹೊತ್ತು ಸಮಾಧಾನ ಹೇಳಿದರು. ಮನೆಮಂದಿಗೆ ಹೇಳುವ ಹಾಗೆ ಹೇಳಿದರು. ನಿದ್ದೆಗೆ ಒಂದು ಗುಳಿಗೆ ಕೊಟ್ಟು ಕಳಿಸಿದರು.

ನೋಡಿ, ಮೌಶಿ ಬಯಸಿದ್ದೆಲ್ಲ ಆ ದಿನ ಸಿಕ್ಕಿತ್ತು. ಮುಖ ನೋಡಿ ಮಾತಾಡುವ ಡಾಕ್ಟರು, ಹೆಸರು ಗೊತ್ತಿರುವ ಡಾಕ್ಟರು, ಮಗಳ ಸುದ್ದಿ ಕೇಳುವ ಡಾಕ್ಟರು. ಅವರ ಕತೆ ಗೊತ್ತಿಲ್ಲದವನಾಗಿದ್ದರೆ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳುತ್ತಿದ್ದನೋ ಏನೋ. ಅತ್ತ ದವಾಖಾನೆಯಲ್ಲಿ ಅವರ ಕತೆ ಏನೇನೂ ಗೊತ್ತಿರಲಿಲ್ಲ, ಅಲ್ಲೂ ಯಾರೂ ಕೇಳಲಿಲ್ಲ. ಯಾವ ಪಕ್ಷದಲ್ಲಿ ನಿಂತು ನಾನು ವಾದಿಸಲಿ?

"ಏಕ್ ಬಾತ್ ಪೂಛನೀ ಥೀ," ಎಂದರು ಅವರು. "ಬೇರೆ ಕನ್ನಡದ ಪೇಷಂಟ್ ಒಬ್ಬರು ನಿನ್ನೆ ಹೊಟ್ಟೆ ಮುಟ್ಟಿಕೊಂಡು ಅದೇ ಶಬ್ದ ಹೇಳಿದರು. ಆಗಿನಿಂದ ಕೂರಲು ಆಗುತ್ತಿಲ್ಲ. ನಿಮ್ಮ ಭಾಷೆಯಲ್ಲಿ ಸಂಕಟ್ ಎಂದರೆ ಏನು?"

ಸುಳ್ಳು ಹೇಳಬಹುದಿತ್ತು. ಅದೇ ಅರ್ಥ ಎಂದು ಹೇಳಿಬಿಟ್ಟಿದ್ದರೆ ಆ ಮುದುಕ ನೆಮ್ಮದಿಯಿಂದ ಮೆಟ್ಟಿಲಿಳಿಯುತ್ತಿದ್ದರು. ಆದರೆ ಗಲ್ಲಿಯ ಬೆಂಚಿನ ಮೇಲೆ ನಾಳೆ ಮತ್ತೊಬ್ಬರು ಬಂದು ಕೂರುತ್ತಾರೆ. ನಾನು ಹೇಳಲು ಹೊರಟೆ. ಹಿಂದಿಯಲ್ಲಿ ಅದಕ್ಕೆ ಶಬ್ದ ಸಿಗಲಿಲ್ಲ. ದರ್ದ್ ಎಂದೆ, ಅಲ್ಲ ಎಂದೆ. ಘಬರಾಹಟ್ ಎಂದೆ, ಅದೂ ಅರ್ಧ. ಕಡೆಗೆ ಹೊಟ್ಟೆಯ ಮೇಲ್ಭಾಗದಿಂದ ಎದೆಯವರೆಗೆ ಕೈ ಎಳೆದು ತೋರಿಸಿ, "ಇಲ್ಲಿ, ಮೈಯೊಳಗೆ. ಮನಸ್ಸಿನದಲ್ಲ," ಎಂದೆ.

ಅವರು ಅಲ್ಲೇ ನೆಲದ ಮೇಲೆ ಕುಳಿತರು.

ಮಗಳು ಮೂಲೆಯಿಂದ ಎದ್ದು ಬಂದಳು. ಅಷ್ಟು ದಿನದಲ್ಲಿ ಅವಳು ತಾನಾಗಿ ಎದ್ದದ್ದು ಅದೇ ಮೊದಲು. ಡಾಕ್ಟರರ ಎದುರಿಗೆ ಕುಳಿತು, ಹಿಂದಿಯಲ್ಲಿ, ಒಂದೊಂದೇ ಮಾತು ತೂಗಿ ಕೇಳಿದಳು:

"ಅವ್ವ ಬಂದು ನನ್ನ ಹೆಸರು ಹೇಳಿದಳಾ?"

"ಇಲ್ಲ ಬೇಟಾ."

"ಮತ್ತೆ ನನ್ನ ವಿಷಯ?"

"ನಾನು ತೆಗೆದದ್ದು. ಅವರು ತೆಗೆಯಲಿಲ್ಲ."

"ಮತ್ತೆ ಅವಳು ಏನು ಹೇಳಿದಳು? ಸರಿಯಾಗಿ ಹೇಳಿ. ಅವಳು ಹೇಗೆ ಹೇಳಿದಳೋ ಹಾಗೆ."

ಡಾಕ್ಟರು ನನ್ನ ಮುಖ ನೋಡಿದರು. ಅವರು ಬಲಗೈಯನ್ನು ಎದೆಯ ನಡುವೆ ಇಟ್ಟುಕೊಂಡರು, ಬೆರಳು ಅಗಲಿಸಿ, ಹೆಂಗಸರು ಇಟ್ಟುಕೊಳ್ಳುವ ಹಾಗೆ.

"ಡಾಕ್ಟರ್ ಸಾಬ್, ಸಂಕಟ್ ಹೋತಾ ಹೈ," ಎಂದರು. "ಬಹುತ್ ಸಂಕಟ್ ಹೋತಾ ಹೈ. ದೇಖೋ ನಾ."

ಮಗಳು ಅವರ ಕೈಯನ್ನೇ ನೋಡುತ್ತಿದ್ದಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹೇಳಿದ್ಳು," ಎಂದಳು ನನ್ನ ಕಡೆ ತಿರುಗಿ, ಕನ್ನಡದಲ್ಲಿ. "ದೀದಿ, ಅವ್ವ ಹೇಳಿದ್ಳು."

ಮತ್ತೆ ಡಾಕ್ಟರರ ಕಡೆ ತಿರುಗಿ, "ಫಿರ್ ಸೇ ಬೋಲಿಯೇ," ಎಂದಳು.

ಅವರು ಇನ್ನೊಮ್ಮೆ ಹೇಳಿದರು.